ಕಣದ ಮೇಲೆ ಹೊಡೆದ ಗೂಟ

ಹೊಸ ಟೆಂಟನ್ನು ಬೆನ್ನಿಗೇರಿಸಿಕೊಂಡು ನನ್ನ ತಂಗಿ ಸುಮಾ ಬೇಲೂರಿನಲ್ಲಿ ಬಸ್ಸಿಳಿದಾಗ ಅವಳ ಮುಖದಲ್ಲಿ ಮದುವಣಗಿತ್ತಿಯ ಕಳೆಯಿತ್ತು. ಒಂದು ರಾತ್ರಿಯಾದರೂ ಬಯಲಲ್ಲಿ ಮಲಗಲೇಬೇಕೆಂಬುದು ಅವಳ ಹಟ. ಅಕ್ಕನಾದ ನನಗೋ ಲಾಡ್ಜಿನ ಬಿಸಿನೀರೇ ಸಾಕಿತ್ತು.

ಗುಡಿಯನ್ನು ಕಣ್ತುಂಬ ನೋಡಿ ಮಧ್ಯಾಹ್ನ ಹಳೇಬೀಡಿಗೆ ಹೋದೆವು. ಅಲ್ಲಿನ ಗುಡಿಯ ಮುಂದಿನ ಹುಲ್ಲುಹಾಸು ಕಂಡದ್ದೇ ಸುಮಾ ಚೀಲ ಇಳಿಸಿದಳು. ಕಾವಲುಗಾರ ನಗುತ್ತಲೇ ಬಂದ. "ಟೆಂಟು ಗಿಂಟು ಇಲ್ಲಿ ಹಾಕಂಗಿಲ್ಲ ಮೇಡಂ. ಸಂಜೆ ಗೇಟು ಹಾಕ್ತೀವಿ." ಲಾಡ್ಜೇ ಗತಿಯಾಯಿತು. ನಾನು ಸುಖವಾಗಿ ಗೊರಕೆ ಹೊಡೆದೆ.

ಮರುದಿನ ಅರಸೀಕೆರೆಯಲ್ಲಿ ತಟ್ಟೆ ಇಡ್ಲಿ ತಿಂದು ಆಟೋ ಹಿಡಿದು ಮಾಲೇಕಲ್ಲಿಗೆ ಹೋದೆವು. ಬೆಟ್ಟ ಹತ್ತಿಳಿದ ಮೇಲೆ ಸುಮಾ ಪಕ್ಕದ ಕುರುಚಲು ಕಾಡನ್ನು ತೋರಿಸಿ ಅರಣ್ಯ ಇಲಾಖೆಯವನೊಬ್ಬನನ್ನು ಕೇಳಿದಳು. "ಪರ್ಮಿಶನ್ ಇಲ್ದೆ ಕಾಡಲ್ಲಿ ಉಳ್ಕಳಂಗಿಲ್ಲ ಕಣಮ್ಮ, ಚಿರತೆ ಬ್ಯಾರೆ ಓಡಾಡ್ತವೆ. ಯಾರ್ದಾದ್ರೂ ಹೊಲದಲ್ಲಿ ಕೇಳ್ಕಂಡು ಹಾಕ್ಕಳಿ" ಎಂದ ಅವನು. ಸುಮಾಳ ಮುಖ ಬಾಡಿತು. ನಮ್ಮ ಕೈಯಲ್ಲಿ ಉಳಿದದ್ದು ಅದೊಂದೇ ರಾತ್ರಿ.

ಗಂಡಸಿಯ ಬಸ್ ಹತ್ತಿದೆವು. ಊರಾಚೆ, ತೆಂಗಿನ ತೋಟದ ಮಗ್ಗುಲಿನ ರಾಗಿ ಹೊಲದಲ್ಲಿ ಅದರ ಒಡತಿ ಗೌರಮ್ಮ ಸಿಕ್ಕರು. "ಹಾಕ್ಕಳಿ, ಅದಕ್ಕೇನಂತೆ. ಬೆಂಕಿ ಮಾತ್ರ ಬ್ಯಾಡ, ರಾಗಿ ಮೆದೆ ಐತೆ. ಮರದಡಿ ಮಲಗಬ್ಯಾಡಿ, ಕಾಯಿ ಬೀಳ್ತವೆ" ಎಂದು ಹೇಳಿ ಹಾಲು ಕರೆಯಲು ಹೋದರು.

ಹೊಲದ ತುಂಬ ರಾಗಿ ಕೊಯ್ದು ಉಳಿದ ಕೂಳೆ ಚುಚ್ಚುತ್ತಿತ್ತು. ನಡುವೆ ಒಂದು ಕಡೆ ಮಾತ್ರ ನೆಲ ದುಂಡಗೆ, ನುಣ್ಣಗೆ, ನಮಗಾಗಿಯೇ ಯಾರೋ ಸಾರಿಸಿಟ್ಟಂತೆ ಇತ್ತು. ಇಬ್ಬರೂ ಹಿಗ್ಗಿ ಗೂಟ ಹೊಡೆದೆವು. ನಾಲ್ಕನೆಯದು ಇಳಿಯುವಾಗ ಗೌರಮ್ಮ ಹಾಲಿನ ಚೊಂಬು ಹಿಡಿದು ಬಂದು ಗಕ್ಕನೆ ನಿಂತರು.

"ಕಣದ ಮೇಲಾ ಗೂಟ ಹೊಡೆಯಾದು? ಅದೂ ಚಪ್ಪಲಿ ಮೆಟ್ಕಂಡು?"

ಮರುದಿನ ಬೆಳಗ್ಗೆ ಅಲ್ಲೇ ರಾಗಿ ಒಕ್ಕಣೆಯಂತೆ. ನೀರು ಚಿಮುಕಿಸಿ, ಬಡಿದು, ಸಗಣಿ ಬಗ್ಗಡದಲ್ಲಿ ಸಾರಿಸಿದ ಕಣ ಅದು. ಬಿರುಕು ಬಿಟ್ಟರೆ ರಾಗಿಗೆ ಮಣ್ಣು ಸೇರಿ ವರ್ಷಪೂರ್ತಿ ಮುದ್ದೆಯಲ್ಲಿ ಕಸರು ಸಿಗುತ್ತದೆ. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಸುಮಾ ಚಪ್ಪಲಿ ಬಿಚ್ಚಿ, "ಕ್ಷಮಿಸಿ ಅಮ್ಮ, ಹೊರಟುಬಿಡ್ತೀವಿ" ಎಂದಳು.

"ಹೋಗಾದೆಲ್ಲಿಗೆ? ತೂತು ಮಾಡ್ದೋರೇ ಮುಚ್ಚಬೇಕು. ಸೀರೆ ಎತ್ತಿ ಕಟ್ಕಳಿ."

ಗೂಟ ಕಿತ್ತು, ತೂತಿಗೆ ಕೆಮ್ಮಣ್ಣು ತುಂಬಿ ಬಡಿದೆವು. ಮೊಣಕೈವರೆಗೆ ಸಗಣಿ ಮಾಡಿಕೊಂಡು ಸಾರಿಸಿದೆವು. "ಏನವ್ವ, ಗೋಡೆಗೆ ಸುಣ್ಣ ಬಳಿಯಂಗೆ ಬಳೀತೀಯ" ಎಂದು ಗೌರಮ್ಮ ಛೇಡಿಸಿದರೆ ಸುಮಾ ಬಿದ್ದು ಬಿದ್ದು ನಕ್ಕಳು. ಆಮೇಲೆ ಅವರೇ ಕೂಳೆ ಕಿತ್ತು ಬದುವಿನ ಪಕ್ಕ ಜಾಗ ಮಾಡಿಕೊಟ್ಟರು. ಅವರೆಕಾಳು ಸಾರು, ಮುದ್ದೆ ಉಂಡು ಮಲಗಿದೆವು. ಲಾಡ್ಜಿನ ನೆನಪು ನನಗೆ ಒಮ್ಮೆಯೂ ಬರಲಿಲ್ಲ.

ಬೆಳಗ್ಗೆ ಟೆಂಟು ಮಡಚಿ, ಕಸ ಹೆಕ್ಕಿಕೊಂಡರೂ ನಮಗೆ ಕಾಲು ಕೀಳಲಾಗಲಿಲ್ಲ. ಗೌರಮ್ಮ ಕಣದಲ್ಲಿ ಸಗಣಿಯ ಬೆನವನನ್ನು ಮಾಡಿಟ್ಟು, ಆ ಗಣಪನಿಗೆ ಗರಿಕೆ ಸಿಕ್ಕಿಸಿ ಕೈಮುಗಿದರು. ತೆನೆ ಹರಡಿ, ಒಕ್ಕುವ ಕಲ್ಲುಗುಂಡಿಗೆ ಎತ್ತು ಕಟ್ಟಿದರು. ಗುಂಡು ನಮ್ಮ ತೇಪೆಗಳ ಮೇಲೆ ಉರುಳಿತು. ಸುತ್ತು ಮುಗಿದ ಮೇಲೆ ಗೌರಮ್ಮ ಹುಲ್ಲು ಸರಿಸಿ, ಆ ತೇಪೆಗಳ ಮೇಲಿಂದಲೇ ಒಂದು ಹಿಡಿ ರಾಗಿ ಬಾಚಿ, ಹೊಟ್ಟು ಊದಿ ಸುಮಾಳ ಅಂಗೈಗೆ ಸುರಿದರು.

"ಮಣ್ಣು ಐತಾ ನೋಡವ್ವ."

ಸುಮಾ ಅಷ್ಟನ್ನೂ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿ ಅಗಿದಳು. ಆಮೇಲೆ ಇನ್ನೊಂದು ಹಿಡಿಗೆ ಕೈ ಚಾಚಿದಳು.