ಗಂಡನ ಹೆಸರು ಕೇಳಿದ ಇಂಗ್ಲಿಷ್ ಪರೀಕ್ಷೆ

ಲಿಂಗಸುಗೂರಿಗೆ ಬಂದ ದಿನ ಸಂಜೆ ನನಗೆ ಗೊತ್ತಾದದ್ದೇನೆಂದರೆ, ನಾನು ಉಳಿಯಬೇಕಾದ ಮನೆಯ ನಾಯಿಗೆ ನನಗಿಂತ ಹೆಚ್ಚು ಇಂಗ್ಲಿಷ್ ಬರುತ್ತದೆ. ಮನೆಯೊಡತಿ ರತ್ನಮ್ಮನವರು "ಸಿಟ್ ಡೌನ್" ಎಂದರು. ನಾಯಿ ಕೂತಿತು. ನಾನು ಬಟ್ಟೆಯ ಗಂಟು ಹಿಡಿದುಕೊಂಡು ನಿಂತೇ ಇದ್ದೆ. ಅವರು ಹೇಳಿದ್ದು ನನಗೆ ಎಂದು ಆಮೇಲೆ ತಿಳಿಯಿತು.

ನನ್ನೂರು ಮುಕ್ಕುಂದದವರು ಇದನ್ನು ಓದಿ ನಗಬಹುದು. ಲಿಂಗಸುಗೂರೇನು ಪರದೇಶವೇ, ಸಿಂಧನೂರಿನಲ್ಲಿ ಬಸ್ಸು ಹತ್ತಿ ಮಸ್ಕಿ ದಾಟಿದರೆ ಬಂದೇ ಬಿಡುತ್ತದಲ್ಲ ಎನ್ನಬಹುದು. ನೀವು ಕಚೇರಿ ಕೆಲಸಕ್ಕೆ ಬಂದು ಸಂಜೆಗೆ ತಿರುಗಿ ಹೋಗುವವರು. ಒಬ್ಬಂಟಿ ಹೆಂಗಸು ಇಲ್ಲೇ ಇರಲೆಂದು ಬಂದು ನೋಡಲಿ. ನಮ್ಮಲ್ಲಿ ಹೊಳೆ ಮನೆಯ ಹಿಂದೆಯೇ ಹರಿಯುತ್ತದೆ, ಇಲ್ಲಿ ಒಂದು ಕೊಡ ನೀರಿಗೆ ಬಾವಿಯ ಹತ್ತಿರ ಪಾಳಿ ಹಚ್ಚಿ ನಿಲ್ಲಬೇಕು. ಅಲ್ಲಿ ನನ್ನ ಕಥೆ ಎಲ್ಲರಿಗೂ ಗೊತ್ತು, ಯಾರೂ ಏನೂ ಕೇಳುತ್ತಿರಲಿಲ್ಲ. ಇಲ್ಲಿ ಖೋಲಿ ಬಾಡಿಗೆಗೆ ಕೇಳಿದ ಮನೆಗಳಲ್ಲೆಲ್ಲ ಮೊದಲು ನನ್ನ ಹಣೆಯ ಕುಂಕುಮ ನೋಡಿದರು, ಆಮೇಲೆ "ಗಂಡ ಎಲ್ಲದಾನಬೇ?" ಎಂದರು. ನಾನು ತಡವರಿಸಿದೆ, ಅವರು ಬಾಗಿಲು ಹಾಕಿಕೊಂಡರು. ಕೊನೆಗೆ ಚಾವಣಿಯಲ್ಲಿ, ಅಂದರೆ ಹಿಂದೆ ದಂಡು ಬೀಡುಬಿಡುತ್ತಿದ್ದ ಕಡೆ, ರತ್ನಮ್ಮನವರ ಮನೆಯ ಪಡಸಾಲೆಯಲ್ಲಿ ಒಂದು ಮೂಲೆ ಸಿಕ್ಕಿತು. ರತ್ನಮ್ಮನವರು ಕರ್ನೂಲಿನ ಕಡೆಯ ಕ್ರೈಸ್ತರು, ನರ್ಸ್ ಕೆಲಸದಿಂದ ನಿವೃತ್ತರಾದವರು.

ನನ್ನ ಗಂಡ ಎಲ್ಲಿದ್ದಾರೆಂದು ನನಗೂ ಗೊತ್ತಿಲ್ಲ. ರಜಾಕಾರರ ಹಾವಳಿ ಜೋರಾದಾಗ ಊರಿನ ಗಂಡಸರು ಹರಿಗೋಲು ಹತ್ತಿ ಹೊಳೆ ದಾಟಿ ಬಳ್ಳಾರಿ ಸೀಮೆಗೆ ಹೋದರು. ನಿಜಾಮನ ಆಳಿಕೆ ಮುಗಿದ ಮೇಲೆ ಉಳಿದವರೆಲ್ಲ ಬಂದರು, ನಮ್ಮವರು ಬರಲಿಲ್ಲ. ಸತ್ತದ್ದನ್ನು ನೋಡಿದವರಿಲ್ಲ, ಬದುಕಿದ್ದನ್ನು ಕಂಡವರೂ ಇಲ್ಲ. ಅತ್ತೆಯವರು ಮನೆಯಲ್ಲಿ ಅಳುವುದನ್ನೇ ನಿಷೇಧಿಸಿಬಿಟ್ಟರು. ಒಲೆಯ ಹೊಗೆಗೆ ಕಣ್ಣೊರೆಸಿಕೊಂಡರೂ ಸಿಡುಕುತ್ತಿದ್ದರು.

"ಯಾರು ಸತ್ತಾರಂತ ಅಳಾಕತ್ತೀಯವ್ವಾ? ನನ್ನ ಮಗ ಹೊಳಿ ದಾಟ್ಯಾನ, ಅಷ್ಟ."

ವರ್ಷಗಳು ಕಳೆದವು. ಮೈದುನನ ಮನೆಯಲ್ಲಿ ಅತ್ತೆ ಸೊಸೆ ಇಬ್ಬರೂ ಹಂಗಿನ ಅನ್ನ ಉಣ್ಣುತ್ತಿದ್ದೆವು. ಲಿಂಗಸುಗೂರಿನ ಹೆಣ್ಣುಮಕ್ಕಳ ದವಾಖಾನೆಯಲ್ಲಿ ದಿಕ್ಕಿಲ್ಲದ ವಿಧವೆಯರಿಗೆ ಹೆರಿಗೆ ಕೆಲಸ ಕಲಿಸುತ್ತಾರೆ, ಊಟ ಹಾಕಿ ಸಂಬಳವನ್ನೂ ಕೊಡುತ್ತಾರೆ ಎಂಬ ಸುದ್ದಿ ಬಂದಾಗ ನಾನು ಹೊರಟೆ. ಅಲ್ಲಿನ ಡಾಕ್ಟರಮ್ಮ ತಿರುವಾಂಕೂರಿನ ಕಡೆಯವರು, ಅವರಿಗೆ ಕನ್ನಡ ಬಾರದು. ಹೆರಿಗೆ ಕೋಣೆಯಲ್ಲಿ ಅವರು ಇಂಗ್ಲಿಷಿನಲ್ಲಿ ಹೇಳಿದ್ದು ತಿಳಿಯಬೇಕು, ಕೇಳಿದ್ದಕ್ಕೆ ಉತ್ತರ ಕೊಡಬೇಕು. ಅದಕ್ಕಾಗಿ ಅವರೆದುರು ಬಾಯಿಮಾತಿನ ಪರೀಕ್ಷೆ. ಹೊರಡುವಾಗ ಅತ್ತೆ ತಡೆಯಲಿಲ್ಲ.

"ಕಲಿ, ದುಡಿ, ಬ್ಯಾಡನ್ನಂಗಿಲ್ಲ. ಹಣಿ ಬರಿದು ಮಾಡ್ಕೊಂಡು ಮಾತ್ರ ನನ್ನ ಮುಂದ ಬರಬ್ಯಾಡ," ಎಂದರು.

ನಾಲ್ಕನೆಯ ಇಯತ್ತೆ ಓದಿದವಳು ನಾನು. ನನಗೆ ಇಂಗ್ಲಿಷ್ ಕಲಿಸಲೆಂದು ರತ್ನಮ್ಮನವರು ಮೇಜಿನ ಆಚೆ ಕೂತು ಡಾಕ್ಟರಾಗುತ್ತಿದ್ದರು, ನಾನು ಈಚೆ ಕುರ್ಚಿಯ ತುದಿಯಲ್ಲಿ ಕೂತು ಬೆವರುತ್ತಿದ್ದೆ. ಬಿಸಿನೀರು ತಾ, ಕತ್ತರಿ ಕುದಿಸು, ನೋವು ಯಾವಾಗ ಶುರುವಾಯಿತು, ಎಲ್ಲವನ್ನೂ ಗಿಳಿಯ ಹಾಗೆ ಕಲಿತೆ. ಒಂದು ದಿನ ಹಿತ್ತಲಲ್ಲಿ ಯಾರೂ ಇಲ್ಲದ್ದು ನೋಡಿ ನಾಯಿಗೆ "ಸಿಟ್ ಡೌನ್" ಎಂದೆ. ಪುಣ್ಯಾತ್ಮ, ಕೂತೇಬಿಟ್ಟಿತು! ಆವತ್ತು ಒಂದು ರೊಟ್ಟಿ ಹೆಚ್ಚಿಗೆ ತಿಂದೆ.

ಆದರೆ ಒಂದು ಪ್ರಶ್ನೆಗೆ ಬಂದ ಕೂಡಲೇ ನನ್ನ ಗಿಳಿಪಾಠ ನಿಂತುಬಿಡುತ್ತಿತ್ತು. "ವಾಟ್ ಈಸ್ ಯುವರ್ ಹಸ್ಬೆಂಡ್ಸ್ ನೇಮ್?" ಗಂಡನ ಹೆಸರೇನು?

"ಕೇಳೇ ಕೇಳ್ತಾರಮ್ಮಾ, ಚೆಪ್ಪು, ಹೇಳು!" ಎನ್ನುತ್ತಿದ್ದರು ರತ್ನಮ್ಮ. ಸಿಟ್ಟು ಬಂದರೆ ಅವರ ಬಾಯಿಗೆ ತೆಲುಗು ನುಗ್ಗುತ್ತಿತ್ತು.

"ಗಂಡನ ಹೆಸರು ಹೆಂಗ ಹೇಳಲಿರಿ? ಆಯುಷ್ಯ ಕಡಿಮಿ ಆಗತೈತಿ."

"ನಾನು ದಿನಾ ನನ್ನ ಗಂಡನ್ನ ಹೆಸರು ಹಿಡಿದೇ ಬೈತಿದ್ದೆ. ಎಂಬತ್ತು ದಾಟಿ ಹೋದ್ರು."

ನಗು ಬಂತು, ಹೆಸರು ಬರಲಿಲ್ಲ. ಕಣ್ಣೆದುರು ಗಟ್ಟಿಮುಟ್ಟಾಗಿ ಓಡಾಡುವ ಗಂಡನ ಹೆಸರನ್ನು ಬಾಯಿತಪ್ಪಿ ಅಂದರೆ ನಾಲಿಗೆ ಕಚ್ಚಿಕೊಂಡು ಸುಮ್ಮನಾಗಬಹುದು. ಇದ್ದಾರೋ ಇಲ್ಲವೋ ತಿಳಿಯದವರ ಹೆಸರನ್ನು ಹೇಗೆ ಹೇಳುವುದು? ಅವರ ಜೀವದ ಎಳೆಯೊಂದು ಎಲ್ಲೋ ಉಳಿದಿದ್ದರೆ, ಅದನ್ನು ನನ್ನ ಕೈಯಾರೆ ಹರಿದ ಹಾಗಾಗುತ್ತದೆ. ಅದರ ಮುಂದಿನ ಪ್ರಶ್ನೆ ಇನ್ನೂ ಕೆಟ್ಟದ್ದು. ಅವರು ಬದುಕಿದ್ದಾರೆಯೇ ಎಂದು ಕೇಳಿದರೆ "ಹೀ ಈಸ್ ಡೆಡ್" ಎನ್ನಬೇಕು, ಇಲ್ಲದಿದ್ದರೆ ವಿಧವೆಯರ ಜಾಗ ಸಿಗುವುದಿಲ್ಲ ಎಂದು ರತ್ನಮ್ಮ ಬಿಡಿಸಿ ಹೇಳಿದರು. ಆ ಮಾತಿನ ಅರ್ಥ ತಿಳಿದ ದಿನ ನನಗೆ ಅನ್ನ ಸೇರಲಿಲ್ಲ. ಸೀಟು ಸಿಗದಿದ್ದರೆ ಮತ್ತೆ ಅದೇ ಮೈದುನನ ಮನೆ, ಸಿಕ್ಕರೆ ಗಂಡನನ್ನು ನಾನೇ ಕೊಂದಂತೆ. ಯಾವ ಕಡೆ ತಿರುಗಿದರೂ ನನಗೆ ಸಮಾಧಾನವಿರಲಿಲ್ಲ.

ಪರೀಕ್ಷೆಯ ದಿನ ರತ್ನಮ್ಮ ದವಾಖಾನೆಯ ಬಾಗಿಲ ತನಕ ಬಂದರು. ಡಾಕ್ಟರಮ್ಮ ನನಗಿಂತ ಸಣ್ಣವರು, ಕನ್ನಡಕದ ಹಿಂದೆ ದಣಿದ ಕಣ್ಣು. ಬಿಸಿನೀರು, ಕತ್ತರಿ, ನೋವು, ಎಲ್ಲವನ್ನೂ ಕೇಳಿದರು, ಎಲ್ಲಕ್ಕೂ ಹೇಳಿದೆ. ಆಮೇಲೆ ಅದೇ ಪ್ರಶ್ನೆ ಬಂತು. ಅವರು ಇನ್ನೊಮ್ಮೆ ನಿಧಾನವಾಗಿ ಕೇಳಿದರು, ಕಿವುಡರನ್ನು ಕೇಳುವ ಹಾಗೆ. ಎದುರಿನ ಗಡಿಯಾರ ನೋಡಿದರು. ಕೆಲಸ ಕೈತಪ್ಪಿತು ಎಂದುಕೊಂಡೆ.

ನಮ್ಮ ಹೆಂಗಸರಿಗೆ ಗಂಡನ ಹೆಸರು ಹೇಳಲು ಇರುವುದು ಒಂದೇ ದಾರಿ. ಮದುವೆಯಲ್ಲಿ, ಬಸುರಿಗೆ ಮಾಡುವ ಕುಬಸದಲ್ಲಿ ಎಲ್ಲರೂ ಸುತ್ತುಗಟ್ಟಿ ಕಾಡಿದಾಗ ಪ್ರಾಸ ಕಟ್ಟಿ, ಅದರೊಳಗೆ ಹೆಸರು ಹುದುಗಿಸಿ ಒಡಪು ಹೇಳುತ್ತೇವೆ. ಆ ಕುರ್ಚಿಯ ತುದಿಯಲ್ಲಿ ಕೂತು, ಸೆರಗು ಸರಿಮಾಡಿಕೊಂಡು, ಇಂಗ್ಲಿಷ್ ಪರೀಕ್ಷೆಯ ನಟ್ಟನಡುವೆ ನಾನು ರಾಗವಾಗಿ ಒಡಪು ಹೇಳಿಬಿಟ್ಟೆ.

"ಹೊಳಿ ದಂಡ್ಯಾಗ ಬೆಳದೈತಿ ಹಚ್ಚನ ಗರಿಕಿ,
ಶರಣಪ್ಪನವರು ಸುಖವಾಗಿ ಬರಲೆಂಬುದ ನನ್ನ ಹರಿಕಿ."

ಡಾಕ್ಟರಮ್ಮ ಗಾಬರಿಯಾಗಿ ಬಾಗಿಲ ಕಡೆ ನೋಡಿದರು. ರತ್ನಮ್ಮ ಒಳಗೆ ಬಂದು ಇಂಗ್ಲಿಷಿನಲ್ಲಿ ಏನೋ ಹೇಳಿದರು. ಡಾಕ್ಟರಮ್ಮ ನಗಲಿಲ್ಲ. ನನ್ನ ಕಡೆ ಬಾಗಿ ಮೆಲ್ಲಗೆ ಕೇಳಿದರು, "ಈಸ್ ಹೀ ಲಿವಿಂಗ್?"

ಕಲಿಸಿದ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ನಾನು ಹೇಳಿದ್ದು ಬೇರೆ. "ಐ ಡೋಂಟ್ ನೋ, ಮೇಡಂ." ನನಗೆ ಗೊತ್ತಿಲ್ಲ. ಯಾರೂ ಬಾಯಿಪಾಠ ಮಾಡಿಸದೆ ನಾನು ಆಡಿದ ಮೊದಲ ಇಂಗ್ಲಿಷ್ ಮಾತು ಅದು.

ಡಾಕ್ಟರಮ್ಮ ರತ್ನಮ್ಮನವರ ಬಾಯಿಂದ ಹೇಳಿಸಿದರು. ಜಾಗ ಕೊಡುತ್ತಾರೆ, ಆದರೆ ಇರುವುದು ವಿಧವೆಯರ ಜಾಗವೊಂದೇ. ದವಾಖಾನೆಯಲ್ಲಿ ನಾನು ವಿಧವೆಯಾಗಿಯೇ ಇರಬೇಕು, ಮೇಲಿನವರು ಬಂದು ನೋಡಿದರೆ ಹಣೆಯಲ್ಲಿ ಕುಂಕುಮ ಕಾಣಬಾರದು. ನಾನು ಹೂಂ ಎಂದೆ. ಖುಷಿಯಾಗಬೇಕಿತ್ತು, ಆಗಲಿಲ್ಲ.

ಈಗ ಇಲ್ಲಿ ನನಗೆ ಅನ್ನವಿದೆ, ಕೆಲಸವಿದೆ, ಡಾಕ್ಟರಮ್ಮ ಅರ್ಧ ಮಾತಾಡುವಷ್ಟರಲ್ಲೇ ಕತ್ತರಿ ಕೊಡುತ್ತೇನೆ. ರಜೆ ಸಿಕ್ಕಾಗ ಊರಿಗೆ ಹೋಗುತ್ತೇನೆ. ಬಸ್ಸು ಮಸ್ಕಿಯಲ್ಲಿ ಚಹಾಕ್ಕೆ ನಿಂತಾಗ ಇಳಿದು ಕುಂಕುಮ ಇಟ್ಟುಕೊಳ್ಳುತ್ತೇನೆ, ಹೂ ಮುಡಿಯುತ್ತೇನೆ, ಅತ್ತೆಯ ಮುಂದೆ ಮುತ್ತೈದೆಯಾಗಿ ನಿಲ್ಲುತ್ತೇನೆ. ತಿರುಗಿ ಬರುವಾಗ ಅದೇ ಮಸ್ಕಿಯಲ್ಲಿ ಎಲ್ಲವನ್ನೂ ತೆಗೆಯುತ್ತೇನೆ. ಸಿಂಧನೂರಿನ ಕಡೆಗೆ ನನಗೆ ಗಂಡನಿದ್ದಾರೆ, ಲಿಂಗಸುಗೂರಿನ ಕಡೆಗೆ ಇಲ್ಲ.

ಕಳೆದ ಸಲ ತಿರುಗಿ ಬರುವಾಗ ಅಲ್ಲಿ ಹೂ ಮಾರುವ ಮುದುಕಿ ನನ್ನ ಬರಿದಾದ ಹಣೆ ನೋಡಿ ಬುಟ್ಟಿ ಕೆಳಗಿಟ್ಟಳು. "ಅಯ್ಯ ನನ್ನ ಮಗಳ! ಮೊನ್ನೆ ನನ್ನ ಕಡೇನ ಹೂ ತಗೊಂಡು ಹೋಗಿದ್ದೆಲ್ಲಬೇ. ಯಾವಾಗ ಆತು?" ಎಂದು ನನ್ನ ಎರಡೂ ಕೈ ಹಿಡಿದುಕೊಂಡು ಅಳಲು ಶುರುಮಾಡಿದಳು. ಹಾಗೇನಿಲ್ಲ ಎನ್ನಬಹುದಿತ್ತು, ಎನ್ನಲಿಲ್ಲ. ಇಷ್ಟು ವರ್ಷಗಳಲ್ಲಿ ನಮ್ಮವರಿಗಾಗಿ ಯಾರೂ ಅತ್ತಿರಲಿಲ್ಲ. ಅವಳ ಹೆಗಲಿಗೆ ತಲೆಯಿಟ್ಟು, ಬಸ್ಸಿನವನು ಕೂಗಿ ಕರೆಯುವವರೆಗೂ ನಾನೂ ಅತ್ತೆ.