ಪೈಲಿ ಬೆಸೆದ ತಂತಿ

೧೯೭೧ರಲ್ಲಿ ನಾನು ತಿರುವನಂತಪುರದಲ್ಲಿ ವಿದ್ಯುತ್ ಪರಿವೀಕ್ಷಣೆಯ ಸರ್ಕಾರಿ ಕಚೇರಿಯಲ್ಲಿ ಸಹಾಯಕ ಇನ್‌ಸ್ಪೆಕ್ಟರ್ ಆಗಿದ್ದೆ. ಹೊಸ ಕಟ್ಟಡ, ಸಿನಿಮಾ ಟಾಕೀಸು, ಸಣ್ಣಪುಟ್ಟ ಕಾರ್ಖಾನೆಗಳ ವೈರಿಂಗ್ ನೋಡಿ ಒಪ್ಪಿಗೆ ಕೊಡುವುದು ನಮ್ಮ ನಿತ್ಯದ ಕೆಲಸ. ಇನ್ನೊಂದು ಕೆಲಸವೂ ಇತ್ತು. ಕರೆಂಟ್ ಹೊಡೆದು ಯಾರಾದರೂ ಸತ್ತರೆ, ಅದು ಹೇಗಾಯಿತೆಂದು ಸ್ಥಳಕ್ಕೆ ಹೋಗಿ ಪತ್ತೆಹಚ್ಚಿ ವರದಿ ಕೊಡಬೇಕು. ನಾನು ಕುಂಬಳೆಯವನು. ಕನ್ನಡ ಶಾಲೆಯಲ್ಲಿ ಓದಿದವನು. ರಾಜ್ಯಗಳ ಗಡಿ ಬದಲಾದಾಗ ನಮ್ಮ ಊರು ಕೇರಳಕ್ಕೆ ಸೇರಿತು, ನಾನು ಕೇರಳದ ನೌಕರನಾದೆ. ಮಲಯಾಳವನ್ನು ಕೆಲಸಕ್ಕೆ ಸೇರಿದ ಮೇಲೆ, ಹೀಗೆ ಸತ್ತವರ ಮನೆಯವರ ಬಾಯಿಂದಲೇ ಹೆಚ್ಚಾಗಿ ಕಲಿತೆ ಎಂದರೂ ತಪ್ಪಲ್ಲ.

ಹೆಚ್ಚಿನ ಸಾವುಗಳಲ್ಲಿ ಕಾರಣ ಬೇಗ ಸಿಗುತ್ತಿತ್ತು. ಬಟ್ಟೆ ಒಣಗಿಸುವ ತಂತಿ ಕಂಬದಿಂದ ಮನೆಗೆ ಬರುವ ಸರ್ವಿಸ್ ವೈರಿಗೆ ತಾಗಿರುತ್ತಿತ್ತು, ಬಾವಿಯ ಪಂಪಿನ ಮೋಟಾರು ಒದ್ದೆಯಾಗಿರುತ್ತಿತ್ತು. ಈಗ ಹೇಳುವ ಪ್ರಕರಣದಲ್ಲೂ ಕಾರಣ ಬೇಗನೆ ಸಿಕ್ಕಿತು. ಆದರೆ ಅದರಿಂದ ಯಾರಿಗೂ ಒಳ್ಳೆಯದಾಗಲಿಲ್ಲ.

ತುಂಬ ಎಂಬ ಊರಿನ ಕಡೆಗೆ ಹೋಗುವ ರಸ್ತೆಯಲ್ಲಿ ಒಂದು ಸಭಾಂಗಣವಿತ್ತು. ಅಲ್ಲಿ ಒಂದು ಮಧ್ಯಾಹ್ನ ಮದುವೆಯ ಆರತಕ್ಷತೆ. ಸಂಗೀತಕ್ಕೆಂದು ಕೊಚ್ಚಿಯಿಂದ ಒಂದು ಬ್ಯಾಂಡ್ ಬಂದಿತ್ತು. ಅದರಲ್ಲಿ ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತಿದ್ದವನು ಫ್ರಾನ್ಸಿಸ್, ಎಡಪ್ಪಳ್ಳಿಯವನು. ಇಪ್ಪತ್ತಾರು ವರ್ಷ. ಮೊದಲ ಎರಡು ಹಾಡುಗಳಿಗೆ ಅವನು ಬರಿ ಗಿಟಾರ್ ನುಡಿಸಿದ. ಮೂರನೆಯದು ಅವನೇ ಹಾಡಬೇಕಿದ್ದದ್ದು. ಎಡಗೈ ತಂತಿಗಳ ಮೇಲಿತ್ತು, ಬಲಗೈ ಚಾಚಿ ಮೈಕಿನ ಕಂಬವನ್ನು ಹತ್ತಿರಕ್ಕೆ ಎಳೆದುಕೊಂಡ. ಹಾಗೇ ಸೆಟೆದು ನಿಂತ. ಹಾಡಿನ ಆರಂಭಕ್ಕೆ ಏನೋ ಅಭಿನಯ ಮಾಡುತ್ತಿದ್ದಾನೆಂದು ಮುಂದಿನ ಸಾಲಿನಲ್ಲಿದ್ದವರು ಚಪ್ಪಾಳೆ ತಟ್ಟಿದರಂತೆ.

ನಾನು ಹೋಗುವಾಗ ಶವವನ್ನು ಸಾಗಿಸಿಯಾಗಿತ್ತು. ವೇದಿಕೆಯ ಮೇಲೆ ಗಿಟಾರ್ ಮಗುಚಿ ಬಿದ್ದಿತ್ತು. ಮುಟ್ಟಲು ಯಾರೂ ತಯಾರಿರಲಿಲ್ಲ. ನಾನು ಮೈನ್ ಸ್ವಿಚ್ ಆರಿಸಿ, ಒಂದೊಂದಾಗಿ ಪರೀಕ್ಷೆ ಮಾಡಿದೆ. ಮೈಕಿನ ಸೆಟ್ಟು ಸರಿಯಾಗಿತ್ತು. ಗಿಟಾರ್‌ಗೆ ಜೋಡಿಸಿದ್ದ ಆಂಪ್ಲಿಫೈಯರ್, ಅಂದರೆ ಸದ್ದನ್ನು ದೊಡ್ಡದು ಮಾಡುವ ಪೆಟ್ಟಿಗೆ, ಧ್ವನಿವರ್ಧಕದ ಗುತ್ತಿಗೆದಾರನದು. ಮೆಗ್ಗರ್ ಎಂಬ ಉಪಕರಣದಿಂದ ವೈರುಗಳ ಮೇಲಿನ ರಕ್ಷಣಾ ಹೊದಿಕೆ ಗಟ್ಟಿಯಿದೆಯೇ ಎಂದು ಅಳೆಯುತ್ತೇವೆ. ಆ ಪೆಟ್ಟಿಗೆಯೊಳಗೆ ಈ ಹೊದಿಕೆ ಸುಟ್ಟು ಹೋಗಿ, ೨೩೦ ವೋಲ್ಟ್ ನೇರವಾಗಿ ಲೋಹದ ತಳಕ್ಕೇ ಬರುತ್ತಿತ್ತು. ಹೀಗೆ ಕೆಟ್ಟಾಗ ಕರೆಂಟನ್ನು ನೆಲಕ್ಕಿಳಿಸಿ ಫ್ಯೂಸ್ ಹಾರಿಸಲೆಂದೇ ಪ್ಲಗ್ಗಿನಲ್ಲಿ ಮೂರನೆಯ ಪಿನ್ನು ಇರುತ್ತದೆ, ಅದಕ್ಕೆ ಅರ್ತಿಂಗ್ ಎನ್ನುತ್ತೇವೆ. ಗುತ್ತಿಗೆದಾರನ ಎಕ್ಸ್‌ಟೆನ್ಷನ್ ಹಲಗೆಯನ್ನು ಬಿಚ್ಚಿ ನೋಡಿದರೆ ಮೂರನೆಯ ತೂತಿನ ಹಿಂದೆ ವೈರೇ ಇರಲಿಲ್ಲ.

ಅಲ್ಲಿಗೆ ಅಪರಾಧಿ ಸಿಕ್ಕಿದ. ಆದರೂ ಕರೆಂಟ್ ಹರಿದ ದಾರಿಯನ್ನು ಪೂರ್ತಿ ಬರೆಯದೆ ವರದಿ ಮುಗಿಯುವುದಿಲ್ಲ. ಗಿಟಾರ್‌ನ ಹಿಂದಿನ ಮುಚ್ಚಳದ ಸ್ಕ್ರೂ ಬಿಚ್ಚಿದೆ. ಒಳಗಿನ ಕೆಲಸ ನೋಡಿ ಮೆಚ್ಚಿಗೆಯಾಯಿತು. ಹಳೆಯ ವೈರುಗಳ ನಡುವೆ ಯಾರೋ ಬಹಳ ಶ್ರದ್ಧೆಯಿಂದ ಹೊಸ ಬೆಸುಗೆಗಳನ್ನು ಹಾಕಿದ್ದರು. ಅದರಲ್ಲಿ ಒಂದು ವೈರು ತಂತಿಗಳನ್ನು ಕಟ್ಟುವ ಲೋಹದ ಪಟ್ಟಿಗೆ ಹೋಗಿತ್ತು. ಅದನ್ನು ನಡುವೆ ಎಂದೋ ಕತ್ತರಿಸಲಾಗಿತ್ತು. ಈಗ ಆ ಎರಡು ತುದಿಗಳನ್ನು ಮತ್ತೆ ಸೇರಿಸಿ ಬೆಸೆದಿದ್ದರು. ಆಂಪ್ಲಿಫೈಯರಿನ ತಳದಿಂದ ಫ್ರಾನ್ಸಿಸನ ಕೈಗೆ ಕರೆಂಟ್ ಬಂದದ್ದು ಆ ವೈರಿನ ಮೂಲಕ. ಮೈಕಿನ ಕಂಬಕ್ಕೆ ನೆಲದ ಸಂಪರ್ಕವಿದ್ದುದರಿಂದ, ಅದನ್ನು ಹಿಡಿದೊಡನೆ ಕರೆಂಟ್ ಅವನ ಮೈಯ ಮೂಲಕ ಹರಿದಿತ್ತು.

ಅದನ್ನು ಬೆಸೆದವನು ಯಾರೆಂದು ಬ್ಯಾಂಡಿನವರನ್ನು ಕೇಳಿದೆ. "ಅವನ ಚೇಟ್ಟನ್," ಎಂದರು. ಅಣ್ಣ.

ಅಂತ್ಯಸಂಸ್ಕಾರ ಮುಗಿದ ಬಳಿಕ ನಾನು ಎಡಪ್ಪಳ್ಳಿಗೆ ಹೋದೆ. ಆಗ ಅದು ಒಂದು ಚರ್ಚು, ಒಂದಿಷ್ಟು ಅಂಗಡಿ, ಮಿಕ್ಕಂತೆ ತೆಂಗಿನ ಮರಗಳಿದ್ದ ಊರು. ಆ ಅಣ್ಣನ ಹೆಸರು ಪೈಲಿ, ಮನೆಯ ಮುಂದಿನ ಕೋಣೆಯಲ್ಲೇ ರೇಡಿಯೋ ರಿಪೇರಿ ಮಾಡುತ್ತಿದ್ದರು. ಮೂವತ್ತೈದರ ಆಸುಪಾಸು, ತೆಳ್ಳಗಿನ ಮನುಷ್ಯ. ಬಿಚ್ಚಿಟ್ಟ ರೇಡಿಯೋಗಳ ನಡುವೆ ಸ್ಟೂಲ್ ಎಳೆದು ನನ್ನನ್ನು ಕೂರಿಸಿದರು. ಒಳಗಿನಿಂದ ಅವರ ತಾಯಿ ಬಂದು ಹಾಲು ಹಾಕದ ಕಟ್ಟನ್ ಕಾಪಿ ಇಟ್ಟು ಹೋದರು.

ಗಿಟಾರ್ ಎಲ್ಲಿಂದ ಬಂತೆಂದು ಕೇಳಿದೆ. ಪೈಲಿ ಮಲಯಾಳದಲ್ಲಿ ಹೇಳಿದ್ದನ್ನು ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಮಟ್ಟಾಂಚೇರಿಯಲ್ಲಿ ಹಡಗಿನವರು ಮಾರಿಹೋದ ಸಾಮಾನಿನ ಅಂಗಡಿಯೊಂದಿತ್ತು. ಅಲ್ಲಿ ತಿರುಗುವ ಫ್ಯಾನು, ದುರ್ಬೀನು, ಚರ್ಮದ ಕೋಟುಗಳ ನಡುವೆ ಆ ಗಿಟಾರ್ ಎರಡು ವರ್ಷದಿಂದ ನೇತಾಡುತ್ತಿತ್ತಂತೆ. ಕಂಪನಿಯ ಹೆಸರಿರಬೇಕಾದ ಜಾಗವನ್ನು ಯಾರೋ ಕೆರೆದು ತೆಗೆದಿದ್ದರು. ಜಪಾನಿನದು ಎಂದು ಅಂಗಡಿಯವನು ಒಮ್ಮೆ ಹೇಳಿದ, ಇನ್ನೊಮ್ಮೆ ಹೋದಾಗ ಜರ್ಮನಿಯದು ಎಂದ. ಫ್ರಾನ್ಸಿಸ್ ಚರ್ಚಿನಲ್ಲಿ ಸಾಧಾರಣ ಗಿಟಾರ್ ನುಡಿಸುತ್ತಿದ್ದವನು. ವಾರವಾರ ಹೋಗಿ ಇದನ್ನು ನೋಡಿ ಬರುತ್ತಿದ್ದ.

"ಅಂಗಡಿಯವನೇ ಒಂದು ದಿನ ನನಗೆ ಹೇಳಿದ ಸಾರ್, ನಿಮ್ಮ ತಮ್ಮ ಬಂದಾಗಲೆಲ್ಲ ಇದರ ಧೂಳು ಒರೆಸಿ ಹೋಗ್ತಾನೆ, ಕೊಂಡುಕೊಂಡು ಹೋಗಿ ಅಂತ," ಎಂದರು ಪೈಲಿ.

ತಂದೆ ತೀರಿದ ಮೇಲೆ ತಮ್ಮನನ್ನು ಸಾಕಿದವರು ಪೈಲಿಯೇ. ಅವರು ಕೊಂಡು ತಂದರು. ತಂದ ಮೇಲೆ ತಿಳಿಯಿತು, ಅದರಿಂದ ಸದ್ದೇ ಬರುವುದಿಲ್ಲ ಎಂದು. ಉಪ್ಪುಗಾಳಿಗೆ ಲೋಹವೆಲ್ಲ ತುಕ್ಕು ಹಿಡಿದಿತ್ತು. ಕತ್ತು ಬಿಲ್ಲಿನಂತೆ ಬಾಗಿತ್ತು. ತಂತಿಗಳ ಅಡಿಯಲ್ಲಿ ಪಿಕಪ್ ಎಂಬ ಅಯಸ್ಕಾಂತದ ಸುರುಳಿ ಇರುತ್ತದೆ, ತಂತಿಯ ಕಂಪನವನ್ನು ವಿದ್ಯುತ್ತಾಗಿ ಮಾಡುವುದು ಅದು. ಅದರೊಳಗಿನ ಕೂದಲೆಳೆಯಂಥ ತಾಮ್ರ ಎಲ್ಲೋ ತುಂಡಾಗಿತ್ತು. ಪೈಲಿ ಎಲೆಕ್ಟ್ರಿಕ್ ಗಿಟಾರನ್ನು ಹತ್ತಿರದಿಂದ ನೋಡಿದ್ದೇ ಅದು ಮೊದಲು. ಆದರೂ ರೇಡಿಯೋ ಅಂಗಡಿ ಮುಚ್ಚಿದ ಮೇಲೆ ದಿನಾ ಸಂಜೆ ಕೂತರು. ಸುರುಳಿಯನ್ನು ಬಿಚ್ಚಿ ಹೊಸ ತಾಮ್ರದೆಳೆ ಸುತ್ತಿದರು. ಅದು ಮೂರು ಸಲ ತುಂಡಾಯಿತು, ಮೂರು ಸಲವೂ ಮೊದಲಿನಿಂದ ಸುತ್ತಿದರು. ಮರದ ಹಲಗೆಗೆ ಬಿಗಿದು, ದಿನಕ್ಕಿಷ್ಟು ಎಂದು ಕತ್ತನ್ನು ನೆಟ್ಟಗೆ ಮಾಡಿದರು. ಅಷ್ಟಾಗುವಾಗ ಮಳೆಗಾಲ ಮುಗಿದು ಕ್ರಿಸ್‌ಮಸ್ ಹತ್ತಿರವಾಗಿತ್ತು.

"ಸದ್ದು ಬಂತು. ಆದರೆ ಅದರ ಜೊತೆಗೇ ಗುಂಯ್ ಅಂತ ಒಂದು ಕೊರೆತ. ಅವನಿಗೆ ಅದು ಆಗ್ತಿರಲಿಲ್ಲ. ಚೇಟ್ಟಾ, ಹಾಡಿಗಿಂತ ಜೇನ್ನೊಣವೇ ಜೋರು ಅಂತಿದ್ದ. ಹುಡುಕ್ತಾ ಹೋದೆ. ಒಂದು ವೈರು ಕಡಿದಿತ್ತು."

ಅಲ್ಲಿಗೆ ಅವರು ಮುಂದಿದ್ದ ಬೆಸುಗೆಯ ಕಡ್ಡಿಯನ್ನು ಬದಿಗೆ ಸರಿಸಿದರು.

ಇಲ್ಲಿ ಒಂದು ವಿಷಯ ಹೇಳಬೇಕು. ಆ ವೈರು ಎಲೆಕ್ಟ್ರಿಕ್ ಗಿಟಾರ್‌ಗಳಲ್ಲಿ ಇರಬೇಕಾದದ್ದೇ. ಅದರಿಂದಾಗಿಯೇ ನುಡಿಸುವವನ ಕೈ ತಂತಿಗೆ ತಾಗಿದೊಡನೆ ಆ ಕೊರೆತ ಅಡಗುತ್ತದೆ. ಪೈಲಿ ಸೇರಿಸಿದ್ದು ಸರಿಯಾದ ಕೆಲಸ. ಅವರದೇ ಮನೆಯ ಆಂಪ್ಲಿಫೈಯರಿಗೆ ಅಂಗಳದಲ್ಲಿ ಕೊಳವೆ ಹೂತು ಒಳ್ಳೆಯ ಅರ್ತಿಂಗ್ ಮಾಡಿದ್ದರು. ಅದಕ್ಕೆ ಬೇಸಿಗೆಯಲ್ಲಿ ನೀರು ಹೊಯ್ಯುತ್ತಿದ್ದರು. ಫ್ರಾನ್ಸಿಸ್ ಒಂದು ವರ್ಷ ಅದರಲ್ಲೇ ಅಭ್ಯಾಸ ಮಾಡಿದ್ದ, ಒಂದು ಸಣ್ಣ ಜುಮ್ಮೂ ಆಗಿರಲಿಲ್ಲ. ತಿರುವನಂತಪುರಕ್ಕೆ ಆ ಭಾರದ ಪೆಟ್ಟಿಗೆ ಹೊತ್ತು ಹೋಗುವುದು ಬೇಡ, ಅಲ್ಲಿ ಗುತ್ತಿಗೆದಾರ ಕೊಡುತ್ತಾನೆ ಎಂದು ಬ್ಯಾಂಡಿನವರು ತೀರ್ಮಾನ ಮಾಡಿದ್ದರು.

ನಾನು ಇದನ್ನೆಲ್ಲ ವಿವರಿಸಿದೆ. ತಪ್ಪು ಗುತ್ತಿಗೆದಾರನದು, ವರದಿಯಲ್ಲಿ ಹಾಗೆಯೇ ಬರೆಯುತ್ತೇನೆ ಎಂದೆ. ಪೈಲಿ ಪೂರ್ತಿ ಕೇಳಿಸಿಕೊಂಡು, ಆಮೇಲೆ ತಲೆ ಎತ್ತದೆ ಹೇಳಿದರು:

"ಸಾರ್, ಆ ವೈರು ತಾನಾಗಿ ಕಡಿದದ್ದಲ್ಲ. ಎರಡು ತುದಿಗೂ ಟೇಪ್ ಸುತ್ತಿತ್ತು. ಯಾರೋ ಬೇಕೆಂದೇ ಕಡಿದದ್ದು, ಅಲ್ವಾ?"

ಅದು ನನ್ನ ಮನಸ್ಸಿನಲ್ಲೂ ಇತ್ತು. ಆ ಗಿಟಾರ್ ಹಿಂದೆ ಯಾವ ದೇಶದಲ್ಲಿ, ಯಾವ ಹಡಗಿನಲ್ಲಿ, ಯಾರ ಕೈಯಲ್ಲಿತ್ತೋ. ಅವನಿಗೊಮ್ಮೆ ಕರೆಂಟ್ ಹೊಡೆದಿರಬೇಕು, ಅವನು ವೈರನ್ನು ಕತ್ತರಿಸಿ ಕೊರೆತ ಸಹಿಸಿಕೊಂಡು ನುಡಿಸಿರಬೇಕು. ಅದನ್ನು ಮುಂದಿನವನಿಗೆ ತಿಳಿಸುವ ಯಾವ ಗುರುತೂ ಅದರ ಮೇಲಿರಲಿಲ್ಲ.

"ಹೌದು, ಹಾಗೆಯೇ ಕಾಣುತ್ತದೆ," ಎಂದೆ.

"ನಾನು ಅಂದುಕೊಂಡೆ, ಯಾರೋ ಕೆಲಸ ಗೊತ್ತಿಲ್ಲದವನು ಮಾಡಿದ್ದು ಅಂತ. ನಗು ಬಂದಿತ್ತು ನನಗೆ."

ಮನೆಗೆ ಬಂದು ನಡೆದದ್ದನ್ನು ಹೆಂಡತಿ ಶಾರದೆಗೆ ಹೇಳಿದೆ. ಅವಳಿಗೆ ಸರಿಯೆನಿಸಲಿಲ್ಲ.

"ನೀವು ಹೌದು ಅಂತ ಹೇಳದಿದ್ರೆ ಎಂತ ಆಗ್ತಿತ್ತು?"

"ಅವರಿಗೆ ಮೊದಲೇ ಗೊತ್ತಿತ್ತು."

"ತನಗೆ ಗೊತ್ತಿರುವುದು ಬೇರೆ, ಇನ್‌ಸ್ಪೆಕ್ಟರ ಬಾಯಲ್ಲಿ ಕೇಳುವುದು ಬೇರೆ. ಇನ್ನು ಆ ಮನುಷ್ಯ ಹೇಗೆ ನಿದ್ದೆ ಮಾಡುವುದು?"

ಸುಳ್ಳು ಹೇಳಿದ್ದರೆ ಅವರು ನಂಬುತ್ತಿರಲಿಲ್ಲ ಎಂದು ಈಗಲೂ ಅನಿಸುತ್ತದೆ. ಶಾರದೆಗೆ ಹಾಗೆ ಅನಿಸಲಿಲ್ಲ. ಆ ವಿಷಯದಲ್ಲಿ ನಾವಿಬ್ಬರೂ ಎಂದೂ ಒಂದಾಗಲಿಲ್ಲ.

ಮರುವರ್ಷ ತಿರುವನಂತಪುರದ ಕೋರ್ಟಿನಲ್ಲಿ ಗುತ್ತಿಗೆದಾರನ ಮೇಲಿನ ಮೊಕದ್ದಮೆ ವಿಚಾರಣೆಗೆ ಬಂತು. ನಾನು ಸಾಕ್ಷಿ. ಪೈಲಿ ಎಡಪ್ಪಳ್ಳಿಯಿಂದ ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಗುತ್ತಿಗೆದಾರನ ವಕೀಲ ಅರ್ತಿಂಗಿನ ವಿಷಯಕ್ಕೇ ಹೋಗಲಿಲ್ಲ. ಎಲ್ಲಿಯದೆಂದೇ ತಿಳಿಯದ, ಲೈಸೆನ್ಸ್ ಇಲ್ಲದ ಒಬ್ಬ ರೇಡಿಯೋ ಮೆಕ್ಯಾನಿಕ್ ಬಿಚ್ಚಿ ಜೋಡಿಸಿದ ವಾದ್ಯ ಎಂದು ಮತ್ತೆ ಮತ್ತೆ ಹೇಳಿದ. ಕೊನೆಗೆ ನನ್ನ ಕಡೆ ತಿರುಗಿದ.

"ಆ ವೈರನ್ನು ಸೇರಿಸದೆ ಹಾಗೇ ಬಿಟ್ಟಿದ್ದರೆ ಫ್ರಾನ್ಸಿಸ್ ಅಂದು ಸಾಯುತ್ತಿದ್ದರೇ?"

"ಅರ್ತಿಂಗ್ ಇದ್ದಿದ್ದರೆ..."

"ನಾನು ಕೇಳಿದ್ದು ವೈರಿನ ವಿಷಯ."

"ಬಹುಶಃ ಸಾಯುತ್ತಿರಲಿಲ್ಲ."

"ಬಹುಶಃ ಬೇಡ. ತಾವು ತಜ್ಞರು."

ಮ್ಯಾಜಿಸ್ಟ್ರೇಟರು ನನ್ನನ್ನೇ ನೋಡುತ್ತಿದ್ದರು. ಪ್ರಮಾಣ ಮಾಡಿ ನಿಂತವನು ನಾನು. "ಸಾಯುತ್ತಿರಲಿಲ್ಲ," ಎಂದೆ.

ಆಮೇಲೆ ನನಗೆ ವಿವರಿಸಲು ಅವಕಾಶ ಸಿಕ್ಕಿತು. ಆ ವೈರು ಇರಬೇಕಾದದ್ದೇ ಎಂದೂ, ಅಂಥ ಆಂಪ್ಲಿಫೈಯರ್ ಇಂದಲ್ಲ ನಾಳೆ ಇನ್ನೊಬ್ಬನನ್ನು ಕೊಲ್ಲುತ್ತಿತ್ತೆಂದೂ ಹೇಳಿದೆ. ಎಲ್ಲವೂ ದಾಖಲಾಯಿತು. ಹಿಂದಿನ ಬೆಂಚು ನೋಡಿದೆ, ಪೈಲಿ ಎದ್ದು ಹೋಗಿದ್ದರು. ಗುತ್ತಿಗೆದಾರನ ತಪ್ಪು ಸಾಬೀತಾಗಿ ಶಿಕ್ಷೆಯಾಯಿತು. ಒಂದು ದಂಡ, ಅಷ್ಟೆ. ಗಿಟಾರನ್ನು ಮನೆಯವರಿಗೆ ಹಿಂದಿರುಗಿಸಲು ಆದೇಶವಾಯಿತು.

ಕೆಲವು ವರ್ಷಗಳ ಬಳಿಕ ನನಗೆ ಎರ್ನಾಕುಳಕ್ಕೆ ವರ್ಗವಾಯಿತು. ಕೆಲಸದ ಮೇಲೆ ಎಡಪ್ಪಳ್ಳಿಗೆ ಹೋದ ದಿನ ಆ ಮನೆಯನ್ನು ಹುಡುಕಿಕೊಂಡು ಹೋದೆ. ಮುಂದಿನ ಕೋಣೆಯಲ್ಲಿ ರೇಡಿಯೋಗಳಿರಲಿಲ್ಲ. ಅದನ್ನು ಒಬ್ಬ ದರ್ಜಿಗೆ ಬಾಡಿಗೆಗೆ ಕೊಟ್ಟಿದ್ದರು. ತಾಯಿ ನನ್ನ ಗುರುತು ಹಿಡಿದು ಒಳಗೆ ಕರೆದರು. ಗೋಡೆಯ ಮೇಲೆ ಫ್ರಾನ್ಸಿಸನ ಫೋಟೋ, ಅದರ ಕೆಳಗೆ ಗಿಟಾರ್. ಅದಕ್ಕೊಂದು ಪ್ಲಾಸ್ಟಿಕ್ ಹೂವಿನ ಮಾಲೆ. ಅದರಡಿಯಲ್ಲಿ ಒಂದು ಮಂಚ.

"ಪೈಲಿ ಮಲಗುವುದು ಇಲ್ಲೇ," ಎಂದರು ಅವರು. "ಕೋರ್ಟಿನಿಂದ ಗಿಟಾರ್ ತರುವುದು ಬೇಡ ಅಂದಿದ್ದ, ಮಗನೇ. ನಾನೇ ಹಟ ಹಿಡಿದು ತರಿಸಿದೆ. ಎಷ್ಟು ಚೆಂದ ಮಾಡಿಕೊಟ್ಟಿದ್ದ ನೋಡು. ತುಕ್ಕು ಹಿಡಿದ ಕಟ್ಟಿಗೆ ಅದು, ಅವನ ಕೈಯಲ್ಲಿ ಹೊಸತಾಯ್ತು. ಫ್ರಾನ್ಸಿಸ್ ಎಲ್ಲರ ಹತ್ತಿರವೂ ಹೇಳ್ತಿದ್ದ, ಇದು ನನ್ನ ಚೇಟ್ಟನ್ ಮಾಡಿದ್ದು ಅಂತ."

ಅವರಿಗೆ ವೈರಿನ ವಿಷಯ ಯಾರೂ ಹೇಳಿರಲಿಲ್ಲ. ಮನೆಗೆ ಬಂದವರಿಗೆಲ್ಲ ಅವರು ಇದನ್ನೇ ತೋರಿಸಿ ಹೇಳುತ್ತಿದ್ದರು ಎಂದು ತಿಳಿಯಿತು. ದೊಡ್ಡ ಮಗ ಪಕ್ಕದಲ್ಲಿದ್ದಾಗಲೂ. ಪೈಲಿ ಈಗ ಅಂಬಲಮುಗಳ್ ಹತ್ತಿರ ಒಂದು ಗೋದಾಮಿನಲ್ಲಿ ಕಾವಲುಗಾರ. ರಿಪೇರಿ ಪೂರ್ತಿ ಬಿಟ್ಟಿದ್ದರು. ಮನೆಯ ಬಲ್ಬು ಹೋದರೂ ದರ್ಜಿಯನ್ನೇ ಕರೆಯಬೇಕಂತೆ.

"ಅವನಿಗೆ ಏನಾಗಿದೆ ಅಂತ ನಿನಗಾದರೂ ಗೊತ್ತಾ?" ಎಂದು ತಾಯಿ ಕೇಳಿದರು. ತಮ್ಮನ ಮೇಲೆ ಬಹಳ ಪ್ರೀತಿಯಿತ್ತಲ್ಲ ಎಂದಷ್ಟೇ ಹೇಳಿದೆ.

ಹೊರಡುವಾಗ ಜಂಕ್ಷನ್ನಿನಲ್ಲಿ ಪೈಲಿ ಬಸ್ಸಿಗೆ ಕಾಯುತ್ತಿದ್ದುದು ಕಂಡಿತು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನಾನು ಹತ್ತಿರ ಹೋಗಿ, ಅಷ್ಟು ವರ್ಷದಿಂದ ಹೇಳಬೇಕೆಂದುಕೊಂಡದ್ದನ್ನು ಹೇಳಿದೆ.

"ಪೈಲಿ, ತಪ್ಪು ನಿಮ್ಮದಲ್ಲ. ನಾನು ಕೋರ್ಟಿನಲ್ಲೂ ಅದನ್ನೇ ಹೇಳಿದ್ದು."

"ನೀವು ಹೇಳಿದ್ದು ಸರಿಯೇ ಸಾರ್. ನಾನು ಮಾಡಿದ್ದೂ ಸರಿಯೇ," ಎಂದರು ಅವರು. ಸಿಟ್ಟಿನಿಂದಲ್ಲ. "ಆದರೆ ಅವನಿಲ್ಲವಲ್ಲ."

ಬಸ್ಸು ಬಂತು. ಹತ್ತುವ ಮೊದಲು ಅವರೇ ತಿರುಗಿ ಕೇಳಿದರು, "ಆ ಗುತ್ತಿಗೆದಾರನ ಹಲಗೆಗೆ ಈಗ ಅರ್ತಿಂಗ್ ಇದೆಯಾ?"

"ಇದೆ. ನಾನೇ ಅಳೆದು ನೋಡಿದ್ದೇನೆ."

"ಸರಿ," ಎಂದು ಹತ್ತಿದರು. ಮತ್ತೆ ನಾನು ಅವರನ್ನು ನೋಡಲಿಲ್ಲ.

ಇಷ್ಟು ವರ್ಷ ಈ ಉದ್ಯೋಗ ಮಾಡಿ ನಾನು ಕಲಿತದ್ದು ಸಮಾಧಾನದ ಮಾತಲ್ಲ. ಸಾವಿನ ಕಾರಣವನ್ನು ಸರಿಯಾಗಿ ಬರೆದಿಟ್ಟರೆ ಮುಂದೆ ಎಲ್ಲೋ ಯಾರೋ ಒಬ್ಬರು ಬದುಕಬಹುದು. ತಾವು ಬದುಕಿದ್ದು ಹಾಗೆ ಎಂದು ಅವರಿಗೂ ಗೊತ್ತಾಗುವುದಿಲ್ಲ, ಅವರು ಯಾರೆಂದು ನಮಗೂ ಗೊತ್ತಾಗುವುದಿಲ್ಲ. ಆದರೆ ಸತ್ತವನ ಮನೆಯವರಿಗೆ ಕೊಡಲು ನಮ್ಮ ಬಳಿ ಏನೂ ಇಲ್ಲ. ಇಲಾಖೆಗೆ ಹೊಸತಾಗಿ ಸೇರಿದವರು, ಅಂಥ ಮನೆಗೆ ಹೋದಾಗ ಏನು ಹೇಳಬೇಕು ಸಾರ್ ಎಂದು ನನ್ನನ್ನು ಕೇಳುವುದಿತ್ತು. ಕೇಳಿದ್ದಕ್ಕೆ ಸುಳ್ಳು ಹೇಳಬೇಡಿ, ಕೂರಲು ಹೇಳಿದರೆ ಬೇಗ ಎದ್ದು ಬರಬೇಡಿ ಎಂದು ಹೇಳುತ್ತಿದ್ದೆ. ಅದಕ್ಕಿಂತ ಹೆಚ್ಚು ನನಗೂ ಗೊತ್ತಿರಲಿಲ್ಲ.