ಹಸಿರಂಚಿನ ಕರ್ಚೀಫು

ಲೋಂಡಾದಲ್ಲಿ ಹತ್ತುವವರು ಖಾನಾಪುರದವರಿಗೆ ಜಾಗ ಹಿಡಿಯಬೇಕು. ಇದು ನಮ್ಮ ರೈಲು ಡಬ್ಬಿಯ ಕಟ್ಟಳೆ. ಯಾರು ಮಾಡಿದ್ದೋ ಯಾರಿಗೂ ಗೊತ್ತಿಲ್ಲ. ನನಗೆ ಜಾಗ ಹಿಡಿಯುತ್ತಿದ್ದವಳು ಅಕ್ಕ. ರಕ್ತಸಂಬಂಧವೇನಿಲ್ಲ, ಬೆಳಗಾವಿಯ ಸಾಲೆಯೊಂದರಲ್ಲಿ ಟೀಚರು. ಎಂಟು ವರ್ಷ ಕಿಟಕಿಯ ಪಕ್ಕ ಹಸಿರಂಚಿನ ಕರ್ಚೀಫು ಹಾಸಿಕೊಂಡು ಬಂದಳು. ನಾನು ಹತ್ತಿ, ಅದನ್ನು ಮಡಚಿ ಅವಳ ಕೈಗಿಟ್ಟು ಕೂತರೆ ದಿನ ಶುರುವಾದ ಹಾಗೆ.

ನಾವು ಹತ್ತು-ಹನ್ನೆರಡು ಹೆಂಗಸರು, ಬೆಳಗಾವಿಗೆ ನೌಕರಿಗೆ ಹೋಗುವವರು. ಕನ್ನಡದಲ್ಲಿ ಎತ್ತಿದ ಮಾತು ಮರಾಠಿಯಲ್ಲಿ ಮುಗಿಯುತ್ತಿತ್ತು. ನನಗೆ ಬರೆದಿಡುವ ಚಟ. ಗಾಡಿ ಎಷ್ಟೊತ್ತಿಗೆ ಬಂತು, ಎಷ್ಟೊತ್ತಿಗೆ ಬೆಳಗಾವಿ ಮುಟ್ಟಿತು ಎಂದು ಒಂದು ನೋಟುಬುಕ್ಕಿನಲ್ಲಿ ದಿನಾ ಬರೆಯುತ್ತಿದ್ದೆ. ಮಳೆ ಬಂದರೆ ಮಳೆ, ಯಾರಾದರೂ ಬಾರದಿದ್ದರೆ ಅದೂ.

ಗಾಡಿ ದಿನಾ ತಡವಾಗತೊಡಗಿದಾಗ ಎಲ್ಲರೂ ಸೇರಿ ರೈಲ್ವೆ ಆಫೀಸಿಗೆ ಅರ್ಜಿ ಒಯ್ದೆವು. ಮೇಜಿನ ಹಿಂದಿನ ಸಾಹೇಬರು ತಲೆ ಎತ್ತದೆ, "ನೀವ ಯಾರ್ರಿ? ಸಂಘ ಐತೇನು? ಲೆಟರ್‌ಹೆಡ್ ತರ್ರಿ" ಎಂದರು.

ಸಂಘವಾಯಿತು. ಪಕ್ಕದ ಡಬ್ಬಿಯ ಗಂಡಸರ ಪೈಕಿ ಒಬ್ಬರು ಅಧ್ಯಕ್ಷರು, ಅಕ್ಕ ಕಾರ್ಯದರ್ಶಿ. ನನ್ನ ನೋಟುಬುಕ್ಕು ಪುರಾವೆಯೆಂದು ಅವಳ ಚೀಲ ಸೇರಿತು. ಅಕ್ಷರ ಚಂದವೆಂದು ನಿಯಮಾವಳಿ ಬರೆಯುವ ಕೆಲಸವೂ ನನಗೇ ಬಂತು. ಯಾವುದೋ ಹಾಲಿನ ಸಂಘದ ಹಳೆಯ ಪ್ರತಿ ಸಿಕ್ಕಿತ್ತು. ಹಾಲು ಇದ್ದಲ್ಲೆಲ್ಲ ಪ್ರಯಾಣ ಎಂದು ಹಾಕಿ ಇಳಿಸಿಬಿಟ್ಟೆ. ರಜಾಚೀಟಿಯಿಲ್ಲದೆ ಸತತ ಮೂರು ಸಭೆಗೆ ಬಾರದವರ ಸದಸ್ಯತ್ವ ರದ್ದು ಎಂಬ ಕಲಮನ್ನೂ ಬಿಡಲಿಲ್ಲ. ಗಾಡಿಯಲ್ಲಿ ಓದಿ ಹೇಳಿದಾಗ ಎಲ್ಲರೂ ನಕ್ಕರು.

"ಬೆಳಗಾದ್ರ ಒಬ್ಬರ ಮಾರಿ ಒಬ್ಬರು ನೋಡತೇವಿ, ಚೀಟಿ ಯಾರಿಗೆ ಕೊಡೂದವಾ?" ಅಂದವಳು ಅಕ್ಕನೇ.

ಆಮೇಲೆ ನಮ್ಮ ಅತ್ತೆ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರು. ವಾರವಿಡೀ ನಾದಿನಿ ನೋಡಿಕೊಳ್ಳುತ್ತಿದ್ದಳು. ರವಿವಾರ ನನ್ನ ಪಾಳಿ. ಸಂಘದ ಸಭೆಯೂ ತಿಂಗಳಿಗೊಂದು ರವಿವಾರ, ಬೆಳಗಾವಿಯಲ್ಲಿ.

"ಅಕ್ಕಾ, ಈ ಸಲಾನೂ ಬರಾಕ ಆಗೂದಿಲ್ಲ, ಅಲ್ಲೆ ಹೇಳಿಬಿಡು."

"ಹೇಳತೇನಿ ಬಿಡು. ಮೊದಲ ಅತ್ತಿನ್ನ ನೋಡ್ಕೋ."

ಮೂರು ಸಲ ಹೇಳಿದೆ. ಮೂರು ಸಲವೂ ಇದೇ ಉತ್ತರ.

ಒಂದು ಸಂಜೆ ಮನೆಗೆ ಬಂದರೆ ನಾದಿನಿ ಸಹಿ ಮಾಡಿ ಇಸಿದುಕೊಂಡಿದ್ದ ರಿಜಿಸ್ಟರ್ ಕಾಗದ. ಕಲಮು ಒಂಬತ್ತರ ಪ್ರಕಾರ ನನ್ನ ಸದಸ್ಯತ್ವ ರದ್ದಾಗಿತ್ತು. ಕೆಳಗೆ ಅಕ್ಕನ ದುಂಡು ಸಹಿ, ನಾಲ್ಕು ದಿನ ಹಿಂದಿನ ತಾರೀಖು. ಆ ನಾಲ್ಕೂ ದಿನ ಅವಳು ನನ್ನ ಬಾಜುವೇ ಕೂತು ಬಂದಿದ್ದಳು. ಒಂದು ದಿನ ನನ್ನ ಊಟದ ಡಬ್ಬಿಯ ಮೆಂತ್ಯದ ಪಲ್ಯ ತಿಂದು, ಉಪ್ಪು ಕಡಿಮೆ ಆಗೇತಿ ಅಂದಿದ್ದಳು.

ಅತ್ತೆಗೆ ಮಗ್ಗುಲು ಬದಲಿಸಿ, ಅವರ ಬೆನ್ನಿಗೆ ಎಣ್ಣೆ ಹಚ್ಚುವಾಗಲೂ ಆ ಉಪ್ಪಿನ ಮಾತೇ ಕಿವಿಯಲ್ಲಿತ್ತು.

ಮರುದಿನ ಹತ್ತಿದೆ. ಕಿಟಕಿಯ ಪಕ್ಕ ಕರ್ಚೀಫು ಇತ್ತು.

"ಬಾರವಾ, ಕುಂದರು," ಎಂದಳು ಅಕ್ಕ, ಏನೂ ಆಗದವಳಂತೆ.

"ಕಾಗದ ಬಂತು."

ಅವಳು ಹೊರಗೆ ನೋಡಿದಳು. "ಅಧ್ಯಕ್ಷರು ಚೀಟಿ ಎಲ್ಲೆ ಅಂದ್ರು. ನಾ ಏನ ಮಾಡ್ಲಿ? ಕಲಮು ನೀನ ಬರದದ್ದು."

"ನಿನಗ ಹೇಳಿದ್ದೆನಲ್ಲ, ಮೂರ ಸಲ?"

"ನನಗ ಹೇಳಿದ್ದಿ, ಖರೇ. ಸಂಘಕ್ಕ ಹೇಳಿದ್ದಿಲ್ಲ." ಆಮೇಲೆ ದನಿ ಇಳಿಸಿದಳು. "ಸಂಘದ ಮಾತು ಸಂಘದಾಗ ಇರಲಿ. ಇಲ್ಲೆ ನಾನು ನೀನು ಹಂಗ ಅದೇವಿ. ಕುಂದರು."

ಈ ಸಲ ಎದುರಿನವರು ಯಾರೂ ನಗಲಿಲ್ಲ. ಒಬ್ಬಾಕೆ ಸೇವಂತಿಗೆ ಮಾಲೆಯ ದಾರ ಬಿಡಿಸುತ್ತಲೇ ಇದ್ದಳು.

"ನನ್ನ ನೋಟಬುಕ್ ಕೊಡು ಹಂಗಾರ."

"ಅದು ಈಗ ದಾಖಲಿ ಆಗೇತವಾ. ಒಂದ ಅರ್ಜಿ ಬರದ ಕೊಡು, ಮುಂದಿನ ಸಭಾದಾಗ ಇಡತೇನಿ."

ಕರ್ಚೀಫು ಎತ್ತಿ ದಿನದಂತೆ ನಾಲ್ಕು ಮಡಿಕೆ ಮಾಡಿ ಅವಳ ಕೈಗಿಟ್ಟೆ. ಕೂರಲಿಲ್ಲ. ಬಾಗಿಲ ಬಳಿ ಹೋಗಿ ಕಂಬಿ ಹಿಡಿದು ನಿಂತೆ. ಗಾಡಿ ಖಾನಾಪುರ ಬಿಟ್ಟಿತು. ಹಿಂದೆ ಯಾರೋ ಹೊಸಬರು ಕೇಳಿದರು: "ಇಲ್ಲೆ ಯಾರರೆ ಅದಾರೇನ್ರಿ?"

"ಇಲ್ರಿ," ಎಂದಳು ಅಕ್ಕ. "ಕುಂದರ್ರಿ."